ರಾಕ್, ರ‍್ಯಾಪ್, ಭಾವಗೀತೆ, ತಮಟೆ ಹಾಡು: ಮಿಕ್ಸ್ ಮಾಡುವಾಗ ಯಾವುದಕ್ಕೆ ಯಾವ ಸ್ನೇರ್ ಆರಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಮನೆಯಲ್ಲೇ ಕೂತು ಮಿಕ್ಸ್ ಮಾಡುತ್ತೀರಿ, ಅಂದರೆ ಹಾಡಿನ ಬೇರೆ ಬೇರೆ ಟ್ರ್ಯಾಕ್ ಹದವಾಗಿ ಸೇರಿಸುತ್ತೀರಿ. ಒಂದು ದಿನ ರಾಕ್ ಬ್ಯಾಂಡ್, ಇನ್ನೊಂದು ದಿನ ರ‍್ಯಾಪ್, ಆಮೇಲೆ ಭಾವಗೀತೆ, ನಡುವೆ ತಮಟೆ ಇರುವ ಜನಪದ ಹಾಡು. ಸ್ಯಾಂಪಲ್ ಪ್ಯಾಕ್‌ನಲ್ಲಿ (ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳ ಕಟ್ಟು) ನೂರಾರು ಸ್ನೇರ್ ಇವೆ, ಅಂದರೆ ಕೆಳಗೆ ತಂತಿ ಕಟ್ಟಿದ, ಛಟ್ ಅನ್ನುವ ಡ್ರಮ್ಮಿನ ಸದ್ದುಗಳು. ಒಂದೊಂದಾಗಿ ಕೇಳಿದರೆ ಎಲ್ಲವೂ ಚೆನ್ನಾಗಿವೆ, ಹಾಡಿಗೆ ಹಾಕಿದರೆ ಒಂದೂ ಕೂರುವುದಿಲ್ಲ. ಯಾವುದಕ್ಕೆ ಯಾವುದು ಅಂತ ಆರಿಸುವುದು ಹೇಗೆ, ಒಂದೇ ಸ್ನೇರ್ ಇಟ್ಟುಕೊಂಡು ಎಲ್ಲ ನಡೆಸಬಹುದಾ ಅಂತಲೂ ಕೇಳಿದ್ದೀರಿ.

ಮಿಕ್ಸಿಂಗ್ ನನ್ನ ದಿನನಿತ್ಯದ ಕೆಲಸ. ಹಾಗಾಗಿ ನಾನು ಆರಿಸುವ ಕ್ರಮವನ್ನೇ ಹೇಳುತ್ತೇನೆ. ಮೊದಲು ಉದ್ದ ನೋಡುತ್ತೇನೆ, ಅಂದರೆ ಹೊಡೆದ ಮೇಲೆ ಸದ್ದು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಆಮೇಲೆ ಪಿಚ್, ಅಂದರೆ ಸದ್ದಿನ ಸ್ವರ. ಹೊಳಪು, ಅಂದರೆ ಮೇಲಿನ ಚುರುಕು ಸದ್ದು, ಕೊನೆಗೆ. ಸಾಮಾನ್ಯವಾಗಿ ಜನ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಸೋಲೋದಲ್ಲಿ, ಅಂದರೆ ಅದೊಂದನ್ನೇ ಕೇಳುವಾಗ ಹೊಳಪು ಜಾಸ್ತಿ ಇರುವ ಸ್ನೇರ್ ಕಿವಿಗೆ ಬೇಗ ಹಿಡಿಸುತ್ತದೆ, ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಹೊಳಪನ್ನು ಇಕ್ಯೂನಲ್ಲಿ (ಬೇರೆ ಬೇರೆ ಫ್ರೀಕ್ವೆನ್ಸಿಯನ್ನು ಏರಿಸಿ ಇಳಿಸುವ ಸಾಧನ) ಎರಡು ನಿಮಿಷದಲ್ಲಿ ಸರಿ ಮಾಡಬಹುದು. ಉದ್ದ ಮತ್ತು ಪಿಚ್ ತಪ್ಪಿದ್ದರೆ ಎಷ್ಟು ಪ್ಲಗಿನ್ ಹಾಕಿದರೂ ಅದು ಹಾಡಿನ ಮೇಲೆ ಅಂಟಿಸಿದ ಹಾಗೇ ಕೇಳುತ್ತದೆ.

ಉದ್ದದ ಲೆಕ್ಕ ಸುಲಭ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 120 ಬಿಪಿಎಂ ರಾಕ್ ಹಾಡಿನಲ್ಲಿ ಬೀಟ್ 500 ಮಿಲಿಸೆಕೆಂಡ್. ಸ್ನೇರ್ ಎರಡನೇ ಮತ್ತು ನಾಲ್ಕನೇ ಬೀಟ್‌ನಲ್ಲಿ ಬೀಳುವುದರಿಂದ ಎರಡು ಹೊಡೆತಗಳ ನಡುವೆ ಪೂರ್ತಿ ಒಂದು ಸೆಕೆಂಡ್ ಜಾಗ ಇದೆ. ಅಲ್ಲಿ 6.5 ಇಂಚು ಆಳದ, ಸ್ವಲ್ಪ ಸಡಿಲ ಬಿಗಿದ ಸ್ನೇರ್ ಅರ್ಧ ಸೆಕೆಂಡ್ ಗುಂಯ್ ಅಂದರೂ ತೊಂದರೆ ಇಲ್ಲ, ಚೆನ್ನಾಗಿಯೇ ಇರುತ್ತದೆ. ಅದೇ ಸ್ನೇರನ್ನು 180 ಬಿಪಿಎಂ ಮೆಟಲ್ ಹಾಡಿಗೆ ಹಾಕಿ ನೋಡಿ. ಬ್ಲಾಸ್ಟ್ ಬೀಟ್ ಅನ್ನುವ ಬಿರುಸಿನ ಹೊಡೆತದಲ್ಲಿ ಪ್ರತಿ ಅರ್ಧ ಬೀಟ್‌ಗೂ ಸ್ನೇರ್ ಬೀಳುತ್ತದೆ ಅಂತಿಟ್ಟುಕೊಳ್ಳಿ, ನಡುವೆ ಸಿಗುವುದು ಸುಮಾರು 167 ಮಿಲಿಸೆಕೆಂಡ್ ಮಾತ್ರ. ಒಂದರ ಟೇಲ್ (ಹೊಡೆದ ಮೇಲೆ ಉಳಿಯುವ ಸದ್ದು) ಮುಗಿಯುವ ಮೊದಲೇ ಇನ್ನೊಂದು ಬಿದ್ದು ಎಲ್ಲ ಒಂದೇ ಗದ್ದಲವಾಗುತ್ತದೆ. ಅಲ್ಲಿ 150 ಮಿಲಿಸೆಕೆಂಡ್ ಒಳಗೆ ಮುಗಿಯುವ, ಬಿಗಿಯಾದ ಸ್ನೇರ್ ಬೇಕು. ಹೊಡೆತದ ತುದಿ ಮಾತ್ರ ಕೇಳಿದರೂ ಸಾಕು.

ರಾಕ್‌ನಲ್ಲಿ ಇನ್ನೊಂದು ಸಂಗತಿ. ಡಿಸ್ಟಾರ್ಷನ್ ಗಿಟಾರ್ ಎರಡು ಟ್ರ್ಯಾಕ್ ಇದ್ದರೆ ಮಧ್ಯದ ಫ್ರೀಕ್ವೆನ್ಸಿ ಎಲ್ಲ ಅದರ ಪಾಲು. ಅಲ್ಲಿ ಸ್ನೇರ್ ಗೆಲ್ಲಬೇಕಾದರೆ ರಿಮ್‌ಶಾಟ್ ಸ್ಯಾಂಪಲ್ ಆರಿಸಿ. ಕೋಲು ಡ್ರಮ್ಮಿನ ಅಂಚಾದ ರಿಮ್‌ಗೂ ಚರ್ಮಕ್ಕೂ ಒಟ್ಟಿಗೆ ತಾಗಿದಾಗ ಬರುವ ಆ ಛಟೀರ್ ಸದ್ದನ್ನು ಇಕ್ಯೂ ಹುಟ್ಟಿಸಲಾರದು, ಅದು ಹೊಡೆತದಲ್ಲೇ ಇರಬೇಕು. ಜೋರು ಸದ್ದನ್ನು ಒತ್ತಿ ತಗ್ಗಿಸುವ ಕಂಪ್ರೆಸರ್ ಹಾಕಿದರೆ ಅಟ್ಯಾಕ್ (ಅದು ಒತ್ತಲು ತೆಗೆದುಕೊಳ್ಳುವ ಸಮಯ) 20ರಿಂದ 30 ಮಿಲಿಸೆಕೆಂಡ್ ಇಡಿ. ಮೊದಲ ಪೆಟ್ಟು ಹಾಗೇ ಹೊರಗೆ ಬರುತ್ತದೆ, ಹಿಂದಿನ ಭಾಗ ಮಾತ್ರ ಒತ್ತಿಕೊಳ್ಳುತ್ತದೆ. ಒಂದೆರಡು ಮಿಲಿಸೆಕೆಂಡ್ ಇಟ್ಟರೆ ಪೆಟ್ಟೇ ಚಪ್ಪಟೆ.

ಎಂಬತ್ತರ ದಶಕದ ಆ ದೊಡ್ಡ, ತಟ್ಟನೆ ನಿಂತುಬಿಡುವ ಡ್ರಮ್ ಸದ್ದು ಬೇಕು ಅನ್ನುವವರು ಈಗ ಮತ್ತೆ ಜಾಸ್ತಿಯಾಗಿದ್ದಾರೆ. ಅದು ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ, 1980ರಲ್ಲಿ ಹೊರಬಂದ ಮೂರನೇ ಆಲ್ಬಮ್‌ಗೆ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಕೆಲಸ ನಡೆಯುವಾಗ ಸಿಕ್ಕಿದ್ದು. ಡ್ರಮ್ಸ್‌ನಲ್ಲಿ ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಜಮ್. ವಾದಕರ ಮಾತು ಕೇಳಿಸಿಕೊಳ್ಳಲು ರೂಮಿನಲ್ಲಿ ತೂಗುಹಾಕಿದ್ದ ಮೈಕ್‌ಗೆ ಕನ್ಸೋಲ್‌ನಲ್ಲಿ ಭಾರಿ ಕಂಪ್ರೆಷನ್ ಇತ್ತು. ಅದರ ಮೂಲಕ ಬಂದ ಡ್ರಮ್ ಸದ್ದನ್ನು ಗೇಟ್‌ನಿಂದ, ಅಂದರೆ ಸದ್ದು ತಗ್ಗಿದ ಕೂಡಲೇ ಮುಚ್ಚಿಬಿಡುವ ಸಾಧನದಿಂದ, ಕತ್ತರಿಸಿದರು. ಇಲ್ಲೂ ಮುಖ್ಯವಾದದ್ದು ಉದ್ದವೇ, ಗಮನಿಸಿ. ರಿವರ್ಬ್ (ರೂಮಿನ ಪ್ರತಿಧ್ವನಿ) ದೊಡ್ಡದು, ಆದರೆ ಮುಂದಿನ ಹೊಡೆತಕ್ಕೆ ಮೊದಲೇ ಪೂರ್ತಿ ನಿಶ್ಶಬ್ದ. ನೀವು ಮಾಡುವುದಾದರೆ ಗೇಟ್ ಮುಚ್ಚುವ ಸಮಯವನ್ನು ಟೆಂಪೋಗೆ ಹೊಂದಿಸಿ, ಪ್ರೀಸೆಟ್ ಹಾಕಿ ಸುಮ್ನೆ ಬಿಡಬೇಡಿ.

ರ‍್ಯಾಪ್‌ಗೆ ಬರೋಣ. ಹಳೆಯ ಬೂಮ್ ಬ್ಯಾಪ್ ಶೈಲಿಯ ಸ್ನೇರ್ ಯಾಕೆ ಅಷ್ಟು ಮಂದ, ದಪ್ಪ ಅಂದರೆ ಅದು ಹಾದು ಬಂದ ಯಂತ್ರ ಹಾಗಿತ್ತು. 1987ರಲ್ಲಿ ಬಂದ ಎಸ್‌ಪಿ-1200 ಸ್ಯಾಂಪ್ಲರ್ (ಸದ್ದನ್ನು ರೆಕಾರ್ಡ್ ಮಾಡಿಕೊಂಡು ನುಡಿಸುವ ಯಂತ್ರ) 12 ಬಿಟ್, ಅದರ ಸ್ಯಾಂಪಲ್ ರೇಟ್ ಸುಮಾರು 26 ಕಿಲೋಹರ್ಟ್ಸ್. ಹಿಡಿಯಲು ಆಗುವುದು ಆ ರೇಟಿನ ಅರ್ಧದವರೆಗೆ ಮಾತ್ರ, ಅಂದರೆ 13 ಕಿಲೋಹರ್ಟ್ಸ್‌ಗಿಂತ ಮೇಲಿನದು ಅದರಲ್ಲಿ ಉಳಿಯುವಂತೆಯೇ ಇಲ್ಲ. ಹಾಗಾಗಿ ಆ ಶೈಲಿಗೆ ಹೊಸ, ಥಳಥಳ ಹೊಳೆಯುವ ಸ್ನೇರ್ ಹಾಕಿದರೆ ಹೊಂದುವುದಿಲ್ಲ. ಟ್ರ್ಯಾಪ್ ಅನ್ನುವ ಇನ್ನೊಂದು ರ‍್ಯಾಪ್ ಶೈಲಿಯ ದಾರಿ ಬೇರೆ. ಅಲ್ಲಿ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಮನೆತನದ ಸದ್ದು. 1980ರ ಆ ಯಂತ್ರದಲ್ಲಿ ಸ್ನೇರ್ ರೆಕಾರ್ಡ್ ಮಾಡಿದ್ದಲ್ಲ. ಎರಡು ಆಸಿಲೇಟರ್ (ಸ್ವರ ಹುಟ್ಟಿಸುವ ಸರ್ಕ್ಯೂಟ್), ಜೊತೆಗೆ ನಾಯ್ಸ್ (ಶ್ ಅನ್ನುವ ಸದ್ದು), ಇಷ್ಟರಲ್ಲಿ ಹುಟ್ಟಿಸಿದ್ದು. ಸ್ನ್ಯಾಪಿ ಅನ್ನುವ ಗುಂಡಿ ತಿರುಗಿಸಿದರೆ ನಾಯ್ಸ್ ಜಾಸ್ತಿಯಾಗುತ್ತದೆ. ಟ್ರ್ಯಾಪ್‌ನಲ್ಲಿ ಪ್ರಾಜೆಕ್ಟ್ 140 ಬಿಪಿಎಂ ಇದ್ದರೂ ಸ್ನೇರ್ ಬೀಳುವುದು ಮೂರನೇ ಬೀಟ್‌ಗೆ ಮಾತ್ರ. ಎರಡು ಹೊಡೆತದ ನಡುವೆ 1.7 ಸೆಕೆಂಡ್ ಇದೆ. ಲೆಕ್ಕದ ಪ್ರಕಾರ ಉದ್ದದ ಟೇಲ್ ಇಡಬಹುದು.

ಆದರೆ ಕನ್ನಡ ರ‍್ಯಾಪ್ ಆದರೆ ಒಂದು ಕ್ಷಣ ನಿಲ್ಲಿ. ನಮ್ಮಲ್ಲಿ ಒತ್ತಕ್ಷರ ಜಾಸ್ತಿ ಅಲ್ವಾ? ಬೆಟ್ಟ, ಕತ್ತಿ, ಹುಚ್ಚು, ಇಂಥ ಮಾತು ಹೇಳುವಾಗ ಒತ್ತಿನ ಮುಂಚೆ ಉಸಿರು ಕ್ಷಣಕಾಲ ಕಟ್ಟಿ ನಿಲ್ಲುತ್ತದೆ. ಆ ಪುಟ್ಟ ಮೌನವೇ ಮಾತಿಗೆ ಏಟು ಕೊಡುವುದು. ಸ್ನೇರ್‌ನ ನಾಯ್ಸ್ ಟೇಲ್ ಆ ಸಂದುಗಳನ್ನೆಲ್ಲ ತುಂಬಿಬಿಟ್ಟರೆ ರ‍್ಯಾಪರ್ ಎಷ್ಟೇ ಚೆನ್ನಾಗಿ ಹೇಳಿರಲಿ, ಮಾತು ಮಸುಕಾಗುತ್ತದೆ. ಸ, ಶ, ಚ ಅಕ್ಷರಗಳ ಸೀಟಿಯಂಥ ಸದ್ದೂ 4ರಿಂದ 8 ಕಿಲೋಹರ್ಟ್ಸ್ ನಡುವೆಯೇ ಇರುತ್ತದೆ, ಸ್ನೇರ್ ತಂತಿಯ ಸದ್ದೂ ಅಲ್ಲೇ. ಅದಕ್ಕೆ ಕನ್ನಡ ರ‍್ಯಾಪ್‌ಗೆ ನಾನು ಟೇಲ್ ಕಮ್ಮಿ ಇರುವ, 200 ಹರ್ಟ್ಸ್ ಹತ್ತಿರ ಗಟ್ಟಿ ಬಾಡಿ (ಕೆಳಗಿನ ದಪ್ಪ ಸದ್ದು) ಇರುವ ಸ್ನೇರ್ ಆರಿಸುತ್ತೇನೆ. ಮೇಲೆ ಸ್ವಲ್ಪ ಹೊಳಪು ಬೇಕೆನಿಸಿದರೆ ಒಂದು ಚಿಕ್ಕ ಚಪ್ಪಾಳೆ ಸದ್ದನ್ನು ಎಡಬಲಕ್ಕೆ ಹರಡಿ ಸಣ್ಣಗೆ ಸೇರಿಸುತ್ತೇನೆ. ದನಿ ಮಧ್ಯದಲ್ಲಿ ನಿರಾಳವಾಗಿ ಕೂರುತ್ತದೆ.

ನನಗೆ ಅತ್ಯಂತ ಪ್ರೀತಿಯ ಕೆಲಸ ಭಾವಗೀತೆ. ಜನ ಸ್ನೇರ್ ವಿಷಯದಲ್ಲಿ ಅತ್ಯಂತ ಕಮ್ಮಿ ಯೋಚಿಸುವುದೂ ಅಲ್ಲೇ. ಇಲ್ಲಿ ಪಿಚ್ ಮುಖ್ಯ. ತಬಲಾವನ್ನು ಗಾಯಕರ ಶ್ರುತಿಗೆ ಸೇರಿಸಿರುತ್ತಾರೆ. ಅದರ ಪಕ್ಕದಲ್ಲಿ ಬೇರೆ ಯಾವುದೋ ಸ್ವರದಲ್ಲಿ ರಿಂಗ್ ಆಗುವ ಸ್ನೇರ್ ಬಂದರೆ ಕೇಳುವವರಿಗೆ ಏನು ತಪ್ಪಿದೆ ಅಂತ ಹೇಳಲು ಆಗದಿದ್ದರೂ ಕಿರಿಕಿರಿ ಆಗಿಯೇ ಆಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಹಾಡು ಸಿ ಶಾರ್ಪ್ ಶ್ರುತಿಯಲ್ಲಿದೆ ಅಂದುಕೊಳ್ಳಿ. ನೀವು ಆರಿಸಿದ ಸ್ನೇರ್‌ನ ಮೂಲ ಸ್ವರ 196 ಹರ್ಟ್ಸ್‌ನಲ್ಲಿದೆ. ಅದು ಜಿ. ಸಿ ಶಾರ್ಪ್‌ಗೆ ಜಿ ಅಂದರೆ ಪ್ರತಿಮಧ್ಯಮ. ಶುದ್ಧ ಮಧ್ಯಮದ ರಾಗದಲ್ಲಿ ಸಂಯೋಜಿಸಿದ ಹಾಡಿನಲ್ಲಿ ಪ್ರತಿ ಎರಡು ಬೀಟ್‌ಗೊಮ್ಮೆ ಯಾರೋ ಪ್ರತಿಮಧ್ಯಮ ಮೀಟುತ್ತಿದ್ದರೆ ಹೇಗಿರುತ್ತದೆ? ಸ್ಯಾಂಪ್ಲರ್‌ನಲ್ಲಿ ಆ ಸ್ನೇರನ್ನು ಒಂದೇ ಒಂದು ಸೆಮಿಟೋನ್ (ಅರ್ಧ ಸ್ವರ) ಮೇಲಕ್ಕೆ ಎತ್ತಿ. ಅದು ಸುಮಾರು 208 ಹರ್ಟ್ಸ್‌ಗೆ ಬರುತ್ತದೆ, ಜಿ ಶಾರ್ಪ್, ಅಂದರೆ ಪಂಚಮ. ಹಾಡು ತಕ್ಷಣ ಹಗುರಾಗುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ದೊಡ್ಡ ಫಲ ಮಿಕ್ಸಿಂಗ್‌ನಲ್ಲಿ ಬೇರೆ ಕಡೆ ಸಿಗುವುದು ಅಪರೂಪ.

ಮೂಲ ಸ್ವರ ಕಂಡುಹಿಡಿಯುವುದು ಕಷ್ಟವಿಲ್ಲ. ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಜರ್ ಹಾಕಿ 150ರಿಂದ 300 ಹರ್ಟ್ಸ್ ನಡುವೆ ಎಲ್ಲಿ ಗೋಪುರ ಎದ್ದಿದೆ ನೋಡಿ. ನಂತರ ಕೀಬೋರ್ಡ್‌ನಲ್ಲಿ ಆ ಸ್ವರ ಒತ್ತಿ ಕಿವಿಯಿಂದ ಖಾತ್ರಿ ಮಾಡಿಕೊಳ್ಳಿ. ರಾಕ್, ಮೆಟಲ್‌ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ತಂಬೂರ, ಕೊಳಲು, ತಬಲಾ ಇದ್ದರೆ ಬಿಡುವುದಿಲ್ಲ.

ಭಾವಗೀತೆಗೆ ಪೂರ್ತಿ ಸ್ನೇರ್ ಬೇಕೇ ಬೇಕು ಅಂತಲೂ ಇಲ್ಲ. ಸೈಡ್ ಸ್ಟಿಕ್‌ನಿಂದ, ಅಂದರೆ ಕೋಲನ್ನು ಚರ್ಮದ ಮೇಲೆ ಅಡ್ಡವಿಟ್ಟು ರಿಮ್‌ಗೆ ತಟ್ಟುವ ಟಕ್ ಸದ್ದಿನಿಂದ, ಶುರು ಮಾಡಿ. ಜನರಲ್ ಮಿಡಿ ಅನ್ನುವ, ವಾದ್ಯದ ಸದ್ದುಗಳ ಸಾಮಾನ್ಯ ಸಂಖ್ಯಾಕ್ರಮದಲ್ಲಿ 37ನೇ ನೋಟ್ ಅದೇ, 38 ಮಾಮೂಲಿ ಸ್ನೇರ್. ಪಲ್ಲವಿ, ಮೊದಲ ಚರಣಕ್ಕೆ 37 ಇಟ್ಟು, ಹಾಡು ಮೇಲೇರುವ ಜಾಗದಲ್ಲಿ ಮಾತ್ರ ಮೃದುವಾದ 38 ತಂದರೆ ಸಾಲುಗಳಿಗೆ ಜಾಗ ಉಳಿಯುತ್ತದೆ. ಕವಿತೆ ಕೇಳಬೇಕಾದ ಹಾಡು ಅದು.

ತಮಟೆ ಹಾಡಿನಲ್ಲಿ ಮೊದಲು ತಮಟೆಯನ್ನು ಒಂದೇ ಹಾಕಿ ಕೇಳಿ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಣ್ಣ ಕಡ್ಡಿ. ಬೆಂಕಿಗೆ ಕಾಸಿ ಬಿಗಿ ಮಾಡಿದ ಚರ್ಮದ ಮೇಲೆ ಆ ಕಡ್ಡಿ ಬಿದ್ದಾಗ ಬರುವ ಚಟಚಟ ಸದ್ದು ಯಾವ ಸ್ನೇರ್‌ಗೂ ಕಮ್ಮಿ ಇಲ್ಲ. ಅಂದರೆ ಹಾಡಿನ ಕ್ರ್ಯಾಕ್ ಆಗಲೇ ಅಲ್ಲಿದೆ. ಅದರ ಮೇಲೆ ಬಿಗಿಯಾದ, ಚುರುಕಾದ ಸ್ನೇರ್ ಹಾಕಿದರೆ ಎರಡೂ ಒಂದೇ ಬಾಗಿಲಲ್ಲಿ ನುಗ್ಗುವವರ ಹಾಗೆ ಸಿಕ್ಕಿಕೊಳ್ಳುತ್ತವೆ. ಇಲ್ಲಿ ನಾನು ಮಂದವಾದ ಸ್ನೇರ್ ಆರಿಸುತ್ತೇನೆ. ಕೆಳಗಿನ ಬಾಡಿ ಮಾತ್ರ ಕೇಳಬೇಕು, ತಂತಿಯ ಸದ್ದು ಹೆಚ್ಚುಕಮ್ಮಿ ಇರಬಾರದು. ಒಮ್ಮೊಮ್ಮೆ ಸ್ನೇರನ್ನೇ ತೆಗೆದು ಚಪ್ಪಾಳೆ ಇಡುತ್ತೇನೆ. ದಯವಿಟ್ಟು ಸ್ನೇರ್ ಕೇಳಲಿ ಅಂತ ತಮಟೆಯ ಮೇಲಿನ ಫ್ರೀಕ್ವೆನ್ಸಿ ಕತ್ತರಿಸಬೇಡಿ. ಆ ಹಾಡಿನ ಜೀವ ಆ ಕಡ್ಡಿಯಲ್ಲಿದೆ. ಡೊಳ್ಳು ಇರುವ ಹಾಡಿನಲ್ಲಿ ಇದು ತಿರುಗುತ್ತದೆ. ಡೊಳ್ಳು ಕೆಳಗಿನ ಜಾಗ ಪೂರ್ತಿ ತೆಗೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ತೆಳ್ಳಗಿನ, ಎತ್ತರದ ಪಿಚ್‌ನ ಸ್ನೇರ್ ಚೆನ್ನಾಗಿ ಕೂರುತ್ತದೆ.

ಜಾಝ್ ಬಂದರೆ ಬ್ರಷ್‌ಗಳಿಂದ ನುಡಿಸಿದ ಸ್ಯಾಂಪಲ್ ಅಥವಾ ನಿಜವಾದ ಡ್ರಮ್ಮರ್, ಮೂರನೇ ದಾರಿ ಇಲ್ಲ. ರೆಗ್ಗೆಗೆ ಸೈಡ್ ಸ್ಟಿಕ್ ಅಥವಾ ತುಂಬಾ ಎತ್ತರಕ್ಕೆ ಬಿಗಿದ ಸ್ನೇರ್. ಫಂಕ್‌ಗೆ ಒಂದು ಹೊಡೆತದ ಸ್ಯಾಂಪಲ್ ಪ್ರಯೋಜನವಿಲ್ಲ. ಅದರ ಕುಣಿತ ಇರುವುದು ನಡುವಿನ ಸಣ್ಣ ಗೋಸ್ಟ್ ನೋಟ್‌ಗಳಲ್ಲಿ. ಮೆಲ್ಲಗೆ ಹೊಡೆದಾಗ ಬೇರೆಯೇ ಸದ್ದು ಕೊಡುವ, ಹಲವು ವೆಲಾಸಿಟಿ (ಹೊಡೆತದ ಜೋರು) ಪದರ ಇರುವ ಸ್ನೇರ್ ಬೇಕು.

ಎರಡು ಸ್ನೇರ್ ಸೇರಿಸುವವರಿಗೆ ಒಂದು ಎಚ್ಚರಿಕೆ. 200 ಹರ್ಟ್ಸ್ ಅಲೆಯ ಒಂದು ಸುತ್ತು 5 ಮಿಲಿಸೆಕೆಂಡ್. ಎರಡು ಸ್ಯಾಂಪಲ್‌ಗಳ ನಡುವೆ 2.5 ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸೇರಿ ಬಾಡಿ ಮಾಯವಾಗುತ್ತದೆ. ಎರಡು ಹಾಕಿದ ಮೇಲೆ ಸದ್ದು ಸಣ್ಣದಾಯಿತು ಅನಿಸಿದರೆ ಕಾರಣ ಹೆಚ್ಚಾಗಿ ಇದೇ. ವೇವ್‌ಫಾರ್ಮ್ ದೊಡ್ಡದು ಮಾಡಿ ಮೊದಲ ಏರು ಹೊಂದಿಸಿ, ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿ ಒಮ್ಮೆ ತಿರುಗಿಸಿ ನೋಡಿ. ಲೈವ್ ಡ್ರಮ್‌ನಲ್ಲಿ ಮೇಲೊಂದು ಕೆಳಗೊಂದು ಮೈಕ್ ಇಟ್ಟಿದ್ದರೂ ಇದೇ ಕಥೆ. ಕೋಲು ಬಿದ್ದಾಗ ಮೇಲಿನ ಚರ್ಮ ತನ್ನ ಮೈಕ್‌ನಿಂದ ದೂರ ಹೋಗುತ್ತದೆ, ಕೆಳಗಿನದು ತನ್ನ ಮೈಕ್ ಕಡೆಗೆ ಬರುತ್ತದೆ. ಅದಕ್ಕೇ ಕೆಳಗಿನ ಮೈಕ್‌ನ ಪೊಲಾರಿಟಿ ತಿರುಗಿಸುವುದು.

ಆರಿಸುವಾಗ ಹಾಡು ಓಡುತ್ತಿರಲಿ, ದನಿಯೂ ಆನ್ ಇರಲಿ. ನಾಲ್ಕೈದು ಸ್ನೇರ್ ಹಾಕಿಕೊಂಡು ಎಲ್ಲದರ ವಾಲ್ಯೂಮ್ ಸಮ ಮಾಡಿ ಹೋಲಿಸಿ. ಸಮ ಮಾಡದಿದ್ದರೆ ಜೋರಾಗಿರುವುದೇ ಪ್ರತಿ ಸಲ ಗೆಲ್ಲುತ್ತದೆ. ಆಮೇಲೆ ಫೋನ್ ಸ್ಪೀಕರ್‌ನಲ್ಲಿ ಕೇಳಿ. ಅದು 200 ಹರ್ಟ್ಸ್ ಬಾಡಿಯನ್ನು ಸರಿಯಾಗಿ ಕೊಡುವುದಿಲ್ಲ. ಅಲ್ಲಿ ಸ್ನೇರ್ ಪೂರ್ತಿ ಕಾಣೆಯಾದರೆ 1ರಿಂದ 3 ಕಿಲೋಹರ್ಟ್ಸ್ ನಡುವೆ ಸ್ವಲ್ಪ ಎತ್ತಿ, ಸಾಲದಿದ್ದರೆ ಸ್ಯಾಂಪಲ್ ಬದಲಿಸಿ.

ಇನ್ನು ಒಂದೇ ಸ್ನೇರ್‌ನಲ್ಲಿ ಎಲ್ಲ ನಡೆಸಬಹುದಾ? ಮುಕ್ಕಾಲು ಭಾಗ ನಡೆಸಬಹುದು. 14 ಇಂಚು ಅಗಲ, 5 ಇಂಚು ಆಳದ ಅಲ್ಯೂಮಿನಿಯಂ ಸ್ನೇರ್, ಲಡ್ವಿಗ್ ಸುಪ್ರಾಫೋನಿಕ್ ತರಹದ್ದು, ಹಲವು ವೆಲಾಸಿಟಿಯಲ್ಲಿ ರೆಕಾರ್ಡ್ ಮಾಡಿದ್ದು ಒಂದಿರಲಿ. ರಿಮ್‌ಶಾಟ್, ಸೈಡ್ ಸ್ಟಿಕ್ ಎರಡೂ ಅದರಲ್ಲಿ ಇರಬೇಕು. ಟೇಲ್ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು, ಪಿಚ್ ಮೂರು ಸೆಮಿಟೋನ್ ಮೇಲೆ ಕೆಳಗೆ ಆರಾಮಾಗಿ ಆಡಿಸಬಹುದು. ಅದಕ್ಕಿಂತ ಜಾಸ್ತಿ ಎಳೆದರೆ ಸದ್ದು ಕೃತಕವಾಗುತ್ತದೆ. ಜೊತೆಗೆ ಒಂದು 808 ಸ್ನೇರ್, ಒಂದು ಚಪ್ಪಾಳೆ. ಬ್ರಷ್ ಬೇಕಾದ ಹಾಡು ಬಂದಾಗ ಮಾತ್ರ ಬೇರೆ ಹುಡುಕಿ.