ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಕಯಾಕ್‌ನಿಂದ ಸ್ನ್ಯಾಪರ್

ಮೆಲ್ಬರ್ನ್‌ಗೆ ಹೊಸದಾಗಿ ಬಂದಿರುವ ತಾವು, ಸ್ನ್ಯಾಪರ್ ಮೀನು ಹಿಡಿಯಲು ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಸಾಕೇ, ಯಾವ ತಿಂಗಳು ಸೂಕ್ತ ಎಂದು ಕೇಳಿದ್ದೀರಿ. ಕಯಾಕ್ ಧಾರಾಳವಾಗಿ ಸಾಕು. ಸಮುದ್ರದ ನೀರು ಸುಮಾರು 16 ಡಿಗ್ರಿಗೆ ಬೆಚ್ಚಗಾಗುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮೊಟ್ಟೆಯಿಡಲು ಕೊಲ್ಲಿಯೊಳಗೆ ಬರುವ ದೊಡ್ಡ ಮೀನುಗಳು ಮಾರ್ನಿಂಗ್‌ಟನ್, ಬ್ಲ್ಯಾಕ್ ರಾಕ್ ಕಡೆಯ ಬಂಡೆಗಳ ಅಂಚಿಗೂ ಸುಳಿಯುತ್ತವೆ. (ಹೆಸರು ಒಂದೇ ಆದರೂ ಇದು ನಮ್ಮ ಕರಾವಳಿಯ ರೆಡ್ ಸ್ನ್ಯಾಪರ್ ಅಲ್ಲ, ಬೇರೆಯೇ ಕುಟುಂಬದ್ದು.)

ನಸುಕು ಮತ್ತು ಮುಸ್ಸಂಜೆ ಒಳ್ಳೆಯ ಹೊತ್ತು. ಬೂತಾಯಿಯನ್ನು ಹೋಲುವ ಪಿಲ್ಚರ್ಡ್ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಭಾರ ಆದಷ್ಟು ಕಡಿಮೆಯಿಟ್ಟು, ಅದು ಸಹಜವಾಗಿ ತಳಕ್ಕಿಳಿಯುವಂತೆ ಬಿಡಿ. ಮೊದಲು ದಾರ ಎರಡು ಬಾರಿ ತಟ್ಟಿದಂತೆ ಅದುರುತ್ತದೆ. ಆಗಲೇ ಎಳೆಯದೆ, ರಾಡ್ ಪೂರ್ತಿ ಬಾಗುವವರೆಗೆ ಕಾಯುವುದೇ ನನ್ನ ಅನುಭವದಲ್ಲಿ ಕಷ್ಟದ ಕೆಲಸ.

ಮೀನಿಗಿಂತ ಗಾಳಿಯ ಬಗ್ಗೆ ಹೆಚ್ಚು ಎಚ್ಚರವಿರಲಿ. ಪೂರ್ವ ದಡದಲ್ಲಿ ಭೂಮಿಯ ಕಡೆಯಿಂದ ಬೀಸುವ ಗಾಳಿಯಲ್ಲಿ ನೀರು ಶಾಂತವಾಗಿ ಕಂಡರೂ, ಅದು ಕಯಾಕನ್ನು ಮೆಲ್ಲಗೆ ದಡದಿಂದ ದೂರಕ್ಕೆ ತಳ್ಳುತ್ತಿರುತ್ತದೆ. ವಿಕ್ಟೋರಿಯಾದಲ್ಲಿ ಕಯಾಕ್‌ನಲ್ಲಿ ಲೈಫ್ ಜಾಕೆಟ್ ತೊಡುವುದು ಕಡ್ಡಾಯ, ಮೀನುಗಾರಿಕೆ ಪರವಾನಗಿಯೂ ಬೇಕು. 28 ಸೆಂಟಿಮೀಟರಿಗಿಂತ ಚಿಕ್ಕದನ್ನು ನೀರಿಗೆ ಬಿಟ್ಟುಬಿಡಬೇಕು.