ಆಫೀಸಿನ ಪುಕ್ಕಟೆ ಕಾಫಿ, ಹುತ್ತರಿ ಉಡುಗೊರೆಗೂ ತೆರಿಗೆ ಹಾಕಬೇಕಾ?

ಕಾಫಿಗೆ ಬೇಡ. ಉಡುಗೊರೆ ಚಿಕ್ಕದಾದರೆ ಅದಕ್ಕೂ ಬೇಡ. ನಗದು ಕೊಟ್ಟರೆ ಮಾತ್ರ ತೆರಿಗೆ ಇರಲೇಬೇಕು.

ನೌಕರರಿಗೆ ಕೊಡುವ ಸೌಲಭ್ಯಗಳನ್ನು ತೆರಿಗೆಯಿಂದ ಪೂರ್ತಿ ಬಿಟ್ಟರೆ ಮಾಲೀಕರು ಸಂಬಳ ಕಡಿಮೆ ತೋರಿಸಿ, ಉಳಿದದ್ದನ್ನು ಮನೆ, ಕಾರು ಅಂತ ಕೊಟ್ಟುಬಿಡಬಹುದು. ತೆರಿಗೆ ಇರುವುದು ಅದನ್ನು ತಡೆಯಲು. ಆದರೆ ಮಡಿಕೇರಿಯ ಒಂದು ರೆಸಾರ್ಟ್‌ನಲ್ಲಿ ಯಾರು ಎಷ್ಟು ಲೋಟ ಕಾಫಿ ಕುಡಿದರು ಅಂತ ಬರೆದಿಡುವ ಖರ್ಚೇ ಸಿಗುವ ತೆರಿಗೆಗಿಂತ ಜಾಸ್ತಿ, ಅಲ್ವಾ? ಕೊಡಗಿನಲ್ಲಂತೂ ಆ ಲೆಕ್ಕ ಮುಗಿಯುವುದೇ ಇಲ್ಲ.

1962ರ ಆದಾಯ ತೆರಿಗೆ ನಿಯಮಗಳೂ ಇದೇ ದಾರಿ ಹಿಡಿದವು. ಕೆಲಸದ ವೇಳೆಯ ಕಾಫಿ, ತಿಂಡಿಗೆ ತೆರಿಗೆ ಇಲ್ಲ. ವಸ್ತು ಅಥವಾ ವೋಚರ್ ರೂಪದ ಉಡುಗೊರೆ ವರ್ಷಕ್ಕೆ ಒಟ್ಟು 5,000 ರೂಪಾಯಿಯೊಳಗಿದ್ದರೆ ಆ ನಿಯಮಗಳಲ್ಲಿ ಅದಕ್ಕೂ ಇರಲಿಲ್ಲ. ಬೆಲೆಗಳು ಏರಿದರೂ ಆ ಮಿತಿ ವರ್ಷಗಟ್ಟಲೆ ಅಲ್ಲೇ ನಿಂತದ್ದು ಮಾತ್ರ ಸರಿಯಲ್ಲ. ಹುತ್ತರಿಗೆ ಕವರಿನಲ್ಲಿ ದುಡ್ಡು ಕೊಟ್ಟರೆ ಅದು ಸಂಬಳದ ಲೆಕ್ಕಕ್ಕೇ ಸೇರುತ್ತದೆ.