ಅತ್ತರೆ ನಂಬಿಕೆ ಕಡಿಮೆಯೇ?

ಪ್ರಶ್ನೆ: ನನ್ನ ತಮ್ಮ 42ಕ್ಕೇ ತೀರಿಕೊಂಡ. ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಮಣ್ಣು ಮಾಡುವಾಗ ನಾನು ಅತ್ತದ್ದಕ್ಕೆ ಸಭೆಯ ಹಿರಿಯರೊಬ್ಬರು, 'ಅಳುವುದು ಅವಿಶ್ವಾಸ, ಅವನು ಕರ್ತನ ಬಳಿ ಇದ್ದಾನೆ' ಎಂದರು. ಪರಲೋಕವೇ ಎಲ್ಲ ಅನ್ನುವುದಾದರೆ ಅವನು ಅರ್ಧಕ್ಕೆ ಬಿಟ್ಟುಹೋದ ಕೆಲಸಕ್ಕೆ ಬೆಲೆ ಇಲ್ಲವೇ?
— ಒಬ್ಬ ಸಹೋದರಿ, ಧಾರವಾಡ

ಉತ್ತರ: ಸಹೋದರಿ, ಮನಸಾರೆ ಅತ್ತುಬಿಡಿ. ಆ ಹಿರಿಯರು ನಿಮ್ಮ ಒಳ್ಳೆಯದಕ್ಕೇ ಹೇಳಿರಬೇಕು. ನಿರೀಕ್ಷೆಯಿಲ್ಲದವರಂತೆ ದುಃಖಪಡಬೇಡಿ ಎಂದು ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದೂ ನಿಜ. ಆದರೆ ದುಃಖವನ್ನೇ ಪಡಬೇಡಿ ಎಂದು ಬರೆಯಲಿಲ್ಲವಲ್ಲ! ಸತ್ತ ಗೆಳೆಯ ಲಾಜರನನ್ನು ಇನ್ನೇನು ಬದುಕಿಸಿ ಎಬ್ಬಿಸುವವನಿದ್ದ ಯೇಸುವೇ ಬೇಥಾನ್ಯದಲ್ಲಿ ಕಣ್ಣೀರು ಬಿಟ್ಟನು. ಆತನಿಗಿಂತ ದೊಡ್ಡ ವಿಶ್ವಾಸಿಗಳು ನಮ್ಮ ಸಭೆಗಳಲ್ಲಿ ಯಾವಾಗ ಹುಟ್ಟಿಕೊಂಡರು?

ನನ್ನ ತಾಯಿ ತೀರಿಕೊಂಡಾಗ ಸಭೆಯ ಪಾದ್ರಿ ಅಯ್ಯನವರು ಬೈಬಲಿನ 90ನೇ ಕೀರ್ತನೆ ಓದಿದರು. ಆಯುಷ್ಯ ಎಪ್ಪತ್ತು ವರ್ಷ, ಬಲವಿದ್ದರೆ ಎಂಬತ್ತು, ಬೆಳಿಗ್ಗೆ ಚಿಗುರಿ ಸಂಜೆಗೆ ಬಾಡುವ ಹುಲ್ಲು. ದಿನಗಳನ್ನು ಎಣಿಸಲು ಕಲಿಸು ಎಂಬ 12ನೇ ವಚನಕ್ಕೆ ಪುಸ್ತಕ ಮುಚ್ಚಿದರು. ದೊಡ್ಡಮ್ಮ ಮನೆಗೆ ಬಂದು ಕೈಕಾಲು ತೊಳೆದು, ಕನ್ನಡಕ ಹಾಕಿಕೊಂಡು ಉಳಿದ ಐದು ವಚನ ಗಟ್ಟಿಯಾಗಿ ಓದಿದರು. ಕೊನೆಯದು ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂಬ ಪ್ರಾರ್ಥನೆ. ಅದನ್ನು ಕೀರ್ತನೆಗಾರ ಎರಡು ಸಲ ಬೇಡುತ್ತಾನೆ. ಅಮ್ಮ ಅರ್ಧ ಹೊಲಿದಿಟ್ಟ ಕೌದಿ ಮಂಚದ ಮೇಲಿತ್ತು. ದೊಡ್ಡಮ್ಮ ಅದನ್ನು ಮಡಿಲಿಗೆಳೆದುಕೊಂಡು ಸೂಜಿಗೆ ದಾರ ಪೋಣಿಸಿದರು. ಹೊಲಿಯುತ್ತಲೇ ಅತ್ತರು.

ನೀವು ಕೇಳಿದ್ದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯವಿಡೀ ಸತ್ತವರು ಮತ್ತೆ ಎದ್ದುಬರುವ ಪುನರುತ್ಥಾನದ ಮಾತು. ಅಷ್ಟೆಲ್ಲ ಹೇಳಿ ಪೌಲನು 58ನೇ ವಚನದಲ್ಲಿ ಬಂದು ನಿಲ್ಲುವುದು ಎಲ್ಲಿ? ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ ಎಂಬಲ್ಲಿ. ಸಾವು ಸೋತಿದೆ, ಆದ್ದರಿಂದ ಕೆಲಸಕ್ಕೆ ಬೆಲೆಯಿದೆ. 1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಬಂದ ಕಿಟೆಲ್ ಈ ನಂಬಿಕೆಯ ಮನುಷ್ಯ. ಮದುವೆಯಾದ ಕೆಲವೇ ವರ್ಷಕ್ಕೆ ಪತ್ನಿ ಪೌಲೀನಾ ತೀರಿಕೊಂಡರು. ಆತ ಕನ್ನಡದ ಒಂದೊಂದೇ ಶಬ್ದ ಕೂಡಿಸುತ್ತ ಹೋದರು. ನಿಘಂಟು ಅಚ್ಚಾದದ್ದು 1894ರಲ್ಲಿ. ಬರೀ ಪರಲೋಕದತ್ತ ಕಣ್ಣು ನೆಟ್ಟವನು ಹಾಗೆ ದುಡಿಯುತ್ತಾನೆಯೇ?

ಈಗಿನ ಪ್ರಸಂಗಗಳನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಆಶೀರ್ವಾದ ಎಂದರೆ ಕಾರು, ಸೈಟು, ವೀಸಾ. ಸಾವಿನ ಹೆಸರೆತ್ತುವಂತಿಲ್ಲ. ಅದು ಮನೆಬಾಗಿಲಿಗೇ ಬಂದಾಗ ಹೇಳಲು ಮಾತಿಲ್ಲದೆ, ಅಳುವವರ ಬಾಯಿ ಮುಚ್ಚಿಸುತ್ತಾರೆ. ಅರ್ಧ ಗಂಟೆಯಲ್ಲಿ ಅಂತ್ಯಕ್ರಿಯೆ ಮುಗಿಸಿ ವಾಚು ನೋಡುತ್ತಾರೆ. ಐದು ವಚನ ಓದಲು ಎಷ್ಟು ಹೊತ್ತು ಬೇಕು?

ನಿಮ್ಮ ಮೇಲೂ ನನಗೊಂದು ಚಿಕ್ಕ ತಕರಾರಿದೆ. ಇಷ್ಟುದ್ದದ ಪತ್ರದಲ್ಲಿ ಆ ಮಕ್ಕಳ ಸುದ್ದಿಯನ್ನೇ ಬರೆದಿಲ್ಲ. ತಮ್ಮ ಹೋದಮೇಲೆ ಸಂಜೆ ಅವರು ಎಲ್ಲಿ ಕೂರುತ್ತಾರೆ? ಯಾರು ಪಾಠ ಹೇಳುತ್ತಾರೆ? ಮರೆಯದೆ ಬರೆಯಿರಿ.